ಬಂಡಮಿಟ್ಟದ ಓಬಳತ್ತೆ

ನಮ್ಮಪ್ಪನ ಅಕ್ಕ ಓಬಳಮ್ಮ ಅಲೀಪುರದ ಪಕ್ಕದ ನಮ್ಮ ಊರಿನಿಂದ ಚಿಂತಾಮಣಿ ಸೀಮೆಗೆ ಸೊಸೆಯಾಗಿ ಹೋದವಳು. ಎತ್ತರದ ಆಳು, ದೊಡ್ಡ ಗಂಟಲು. ನಕ್ಕರೆ ಮೂರು ಹೊಲ ದಾಟಿ ಕೇಳಿಸುತ್ತಿತ್ತು. ಅವಳ ಗಂಡ, ನಮ್ಮ ಮಾವ, ಅದಕ್ಕೆ ತದ್ವಿರುದ್ಧ. ತಂಬೂರಿ ಹಿಡಿದು ತತ್ವಪದ ಹಾಡುವಾಗ ಬಿಟ್ಟರೆ ಮಾವನ ದನಿ ನಾವು ಕೇಳಿದ್ದೇ ಕಡಿಮೆ.

ಮಾವನ ಊರಿನಲ್ಲಿ ಹಾಗೆ ಪದ ಹಾಡುವವರದು ನಾಲ್ಕು ಮನೆ. ಮಾಂಸ ಮುಟ್ಟುವುದಿಲ್ಲ, ಹೆಂಡ ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ಗುರುವಿನ ಮುಂದೆ ಮಾತು ಕೊಟ್ಟವರು. ಹೀಗಿರುವಾಗ ಕೆರೆಯಂಗಳದ ಜಮೀನಿಗಾಗಿ ಊರು ಎರಡು ಪಾರ್ಟಿಯಾಯಿತು. ಒಂದು ಪಾರ್ಟಿಗೆ ವೆಂಕಟರಾಯಪ್ಪ ಮುಂದಾಳು. ಕೋರ್ಟಿನಲ್ಲಿ ತಮ್ಮ ಕಡೆ ಸಾಕ್ಷಿ ಹೇಳಿ ಎಂದು ಎರಡು ಕಡೆಯವರೂ ಈ ನಾಲ್ಕು ಮನೆಯವರನ್ನು ಹಿಡಿದುಕೊಂಡರು.

"ನಾವು ಕಣ್ಣಾರೆ ಕಂಡಿಲ್ಲ. ಕಾಣದೇ ಇರೋದನ್ನ ಹೇಳಲ್ಲ," ಎಂದುಬಿಟ್ಟ ಮಾವ.

ಅಲ್ಲಿಗೆ ನಾಲ್ಕು ಮನೆಯವರೂ ಎರಡು ಪಾರ್ಟಿಗೂ ಬೇಡವಾದರು. ಅಗಸರು ಬಟ್ಟೆಗೆ ಬರಲಿಲ್ಲ. ಬಾವಿಯ ಹತ್ತಿರ ಹೋದರೆ ಹಗ್ಗ ಎತ್ತಿಟ್ಟುಕೊಳ್ಳುತ್ತಿದ್ದರು. ಹೀಗೆ ಮಾಡಿಸಿದವರಲ್ಲಿ ವೆಂಕಟರಾಯಪ್ಪನೇ ಮೊದಲಿಗ. ಕೊನೆಗೆ ಅಮಲ್ದಾರರಿಗೆ ಅರ್ಜಿ ಕೊಟ್ಟು, ಗುಡ್ಡದ ಬುಡದಲ್ಲಿದ್ದ ಪಾಳು ನೆಲವನ್ನು ದರಖಾಸ್ತಿನಲ್ಲಿ ಪಡೆದು, ೧೯೫೪ರ ಸಂಕ್ರಾಂತಿ ಕಳೆದ ಮೇಲೆ ನಾಲ್ಕು ಮನೆಯವರೂ ಗಾಡಿ ಕಟ್ಟಿದರು. ಬರೀ ಬಂಡೆ, ಕಳ್ಳಿ, ಲಂಟಾನ. ದನ ಕಾಯುವವರು ಆ ಜಾಗಕ್ಕೆ ತೆಲುಗಿನಲ್ಲಿ ಬಂಡಮಿಟ್ಟ, ಅಂದರೆ ಬಂಡೆಯ ದಿಬ್ಬ, ಅನ್ನುತ್ತಿದ್ದರು. ಅದೇ ಊರಿನ ಹೆಸರಾಯಿತು.

"ಮೊದಲನೇ ದಿನ ಒಲೆ ಹೂಡೋಕೆ ಜಾಗ ಹುಡುಕಿದ್ರೆ ಎಲ್ಲಿ ನೋಡಿದ್ರೂ ಮುಳ್ಳೇ ಕಣೇ," ಎಂದು ಅತ್ತೆ ಹೇಳುತ್ತಿದ್ದಳು. "ಅತ್ತೂ ಅತ್ತೂ ಸಾಕಾಗಿ, ಆಮೇಲೆ ಕುಡುಗೋಲು ತಗೊಂಡೆ."

ಕಲ್ಲುಚಪ್ಪಡಿ ನಿಲ್ಲಿಸಿ ಗೋಡೆ ಮಾಡಿದರು, ಕಾಡುಹುಲ್ಲು ಹೊದಿಸಿದರು. ಲಂಟಾನದ ಬೇರು ಕೀಳುವುದಕ್ಕೇ ಒಂದು ಬೇಸಿಗೆ ಹೋಯಿತು. ಕಿತ್ತ ಕಲ್ಲನ್ನೆಲ್ಲ ಬದುವಿಗೆ ಹಾಕಿದರು. ನೀರಿಗೆ ಎರಡು ಬಂಡೆಗಳ ನಡುವೆ ಜಿನುಗುವ ಒಂದು ಊಟೆಯೇ ಗತಿ. ಅದರ ಮುಂದೆ ಕೂತು ತೆಂಗಿನ ಚಿಪ್ಪಿನಲ್ಲಿ ತೋಡಿ ತೋಡಿ ಕೊಡ ತುಂಬಬೇಕು. ಹೆಂಗಸರು ಅಲ್ಲಿ ಕೂತೇ ಅವರೆಕಾಯಿ ಬಿಡಿಸುತ್ತಿದ್ದರು, ಜಗಳವಾಡುತ್ತಿದ್ದರು, ರಾಜಿಯಾಗುತ್ತಿದ್ದರು. ಮೊದಲ ವರ್ಷದ ರಾಗಿಯನ್ನು ಹಂದಿಗಳು ಅರ್ಧ ತಿಂದವು. ಉಳಿದರ್ಧವನ್ನು ನಾಲ್ಕು ಮನೆಯವರೂ ಒಂದೇ ಕಣದಲ್ಲಿ ಬಡಿದು ಹಂಚಿಕೊಂಡರು. ಆ ವರ್ಷದ ಮುದ್ದೆಯ ರುಚಿ ಮತ್ತೆ ಯಾವ ರಾಗಿಗೂ ಬರಲಿಲ್ಲ ಎನ್ನುವುದು ಅತ್ತೆಯ ವಾದ. ಮಾವ ಇದಕ್ಕೆ ತಲೆದೂಗುತ್ತಿದ್ದ.

ನಾಲ್ಕೈದು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಮಾವ ಚಿಂತಾಮಣಿ ಸಂತೆಗೆ ಹೋಗಿದ್ದ. ಅತ್ತೆ ಒಬ್ಬಳೇ ಮುದ್ದೆ ತೊಳಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ವೆಂಕಟರಾಯಪ್ಪ. ರುಮಾಲಿಲ್ಲ, ಕಾಲಲ್ಲಿ ಮೆಟ್ಟಿಲ್ಲ. ಹಳೇ ಊರಿನಲ್ಲಿ ದೊಡ್ಡ ಹೊಡೆದಾಟವಾಗಿ, ಎದುರು ಪಾರ್ಟಿಯವನೊಬ್ಬನ ತಲೆ ಒಡೆದು, ಎರಡು ದಿನದಿಂದ ಗುಡ್ಡದಲ್ಲಿ ಅಡಗಿದ್ದನಂತೆ.

"ಓಬಳಮ್ಮ, ಹೊಟ್ಟೆ ಸುಡ್ತಾ ಐತೆ. ಒಂದು ಮುದ್ದೆ ಇಕ್ಕು."

ಅತ್ತೆ ಊಟೆಯ ನೀರು ಅರ್ಧ ಕೊಡ ತಂದು ಅವನ ಮುಂದಿಟ್ಟಳು. "ಕಾಲು ತೊಳ್ಕೊಂಡು ಬಾ."

ಅವನು ಜಗಲಿಯ ಮೇಲೆ ಕೂತ. "ಪೊಲೀಸ್ನೋರು ಬಂದ್ರೆ ನಾನು ಇತ್ಲಾಗೆ ಬಂದೇ ಇಲ್ಲ ಅಂದ್ಬಿಡು."

"ನೋಡಪ್ಪ, ಊಟ ಇಕ್ತೀನಿ. ಸುಳ್ಳು ಮಾತ್ರ ಹೇಳಲ್ಲ. ಈಗ್ಲೇ ಹೇಳ್ತಾ ಇದೀನಿ. ಓಡೋನಾದ್ರೆ ಓಡು, ಮುದ್ದೆ ಕಟ್ಟಿಕೊಡ್ತೀನಿ."

ಅವನು ಗುಡ್ಡದ ಕಡೆ ನೋಡಿದ, ಅವಳು ತಂದಿಟ್ಟ ತಟ್ಟೆಯ ಕಡೆ ನೋಡಿದ. ಹುರುಳಿ ಸಾರಿನ ಹಬೆ ಏಳುತ್ತಿತ್ತು. ಅವನಿಗೆ ಮೇಲೇಳಲು ಆಗಲಿಲ್ಲ.

ಎರಡನೇ ಮುದ್ದೆ ಮುರಿಯುವ ಹೊತ್ತಿಗೆ ದಫೇದಾರನೂ ಇಬ್ಬರು ಪೇದೆಗಳೂ ಬಂದೇಬಿಟ್ಟರು. ಅತ್ತೆ ಅಂಗಳಕ್ಕೆ ಹೋಗಿ ಅಡ್ಡ ನಿಂತಳು.

"ಇಲ್ಲೇ ಅವ್ನೆ. ಉಣ್ತಾ ಅವ್ನೆ. ತಟ್ಟೆ ಮುಂದೆ ಕೂತೋನ್ನ ಎಬ್ಬಿಸಬ್ಯಾಡಿ ಸ್ವಾಮಿ, ಪಾಪ ಬರ್ತದೆ. ನೀವೂ ಕೂತ್ಕೊಳ್ಳಿ, ಮುದ್ದೆ ಐತೆ."

ದಫೇದಾರನಿಗೆ ನಗು ಬಂತು. ಬಿಸಿಲಲ್ಲಿ ಮಿಟ್ಟ ಹತ್ತಿ ಬಂದವರು, ಕೂತರು. ಹಿಡಿಯುವವರೂ ಸಿಕ್ಕಿಬಿದ್ದವನೂ ಒಂದೇ ಜಗಲಿಯಲ್ಲಿ ಉಂಡು, ಕೈ ತೊಳೆದು, ಒಟ್ಟಿಗೇ ಇಳಿದು ಹೋದರು. ಹೋಗುವಾಗ ವೆಂಕಟರಾಯಪ್ಪ ಹಿಂದಿರುಗಿ ನೋಡಲಿಲ್ಲ. ಅತ್ತೆ ಅವರು ಉಂಡ ತಟ್ಟೆಗಳನ್ನು ತೊಳೆದು ಬೋರಲು ಹಾಕಿದಳು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಮಾವ ಬಂದ ಮೇಲೆ ಕೇಳಿದಳು: "ನಾನು ಮಾಡಿದ್ದು ಸರಿನಾ?"

ಮಾವ ಸಂತೆಯ ಗಂಟು ಇಳಿಸಿದ. "ಗೊತ್ತಿಲ್ಲ ಕಣೇ," ಎಂದ.

ವೆಂಕಟರಾಯಪ್ಪನಿಗೆ ಜೈಲಾಯಿತು. ಅವನ ಪಾರ್ಟಿಯವರು ಮಿಟ್ಟದವರೆಗೂ ಬಂದು ಅತ್ತೆಯನ್ನು ಬಾಯಿಗೆ ಬಂದಂತೆ ಬೈದು ಹೋದರು. ಆದರೆ ಮುಂಗಾರು ಹದವಾದಾಗ ಅವರಲ್ಲಿ ಒಬ್ಬನೂ ಅವನ ಹೊಲಕ್ಕೆ ನೇಗಿಲು ಕಟ್ಟಲಿಲ್ಲ. ಹೆಂಡತಿ ಶ್ಯಾಮಲಮ್ಮ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬೀಳು ನೆಲ ನೋಡುತ್ತ ಕೂತಿದ್ದಾಳೆ ಎಂಬ ಸುದ್ದಿ ಬಂತು. ಅತ್ತೆಯೂ ಮಾವನೂ ತಮ್ಮ ಬಿತ್ತನೆ ಬಿಟ್ಟು, ಎತ್ತು ಹೊಡೆದುಕೊಂಡು, ಬಿಟ್ಟು ಬಂದ ಊರಿಗೆ ಅದೇ ಮೊದಲ ಸಲ ಹೋದರು. ಬೀದಿಯಲ್ಲಿ ಯಾರೂ ಮಾತಾಡಿಸಲಿಲ್ಲ. ಶ್ಯಾಮಲಮ್ಮ ಇವರನ್ನು ಕಂಡು ದಡಾರನೆ ಬಾಗಿಲು ಹಾಕಿಕೊಂಡಳು. ಇವರು ನೇರ ಹೊಲಕ್ಕಿಳಿದು ಉಳತೊಡಗಿದರು. ಮಾರನೇ ದಿನ ಕೂರಿಗೆ ಹಿಡಿದು ರಾಗಿ ಬಿತ್ತುತ್ತಿದ್ದಾಗ ಶ್ಯಾಮಲಮ್ಮ ಮಜ್ಜಿಗೆ ಚೆಂಬು ತಂದು ಬದುವಿನ ಮೇಲಿಟ್ಟಳು. ಇವರು ಕುಡಿಯುವವರೆಗೆ ಅಲ್ಲೇ ನಿಂತಿದ್ದಳು.

ವೆಂಕಟರಾಯಪ್ಪ ಬಿಡುಗಡೆಯಾಗಿ ಬಂದವನು ಒಂದು ಬೆಳಿಗ್ಗೆ ಮಿಟ್ಟ ಹತ್ತಿದ. ತಲೆ ನರೆತಿತ್ತು. ಜಗಲಿಯಲ್ಲಿ ಅವತ್ತು ಉಂಡ ಜಾಗದಲ್ಲೇ ಕೂತ. ಏನು ಹೇಳುತ್ತಾನೋ ಎಂದು ಅತ್ತೆಗೆ ಭಯ.

"ಅವತ್ತಿನ ಸಾರಿಗೆ ಉಪ್ಪು ಒಸಿ ಕಮ್ಮಿ ಆಗಿತ್ತು ಕಣಮ್ಮ," ಎಂದ.

ಅತ್ತೆ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅವನೂ ನಕ್ಕ. ಬಂಡೆ ಅಡ್ಡ ಬಂದು ನಿಂತುಹೋಗಿದ್ದ ಮಿಟ್ಟದ ಬಾವಿಯನ್ನು ಆ ಬೇಸಿಗೆಯಲ್ಲಿ ಅವನೂ ಹಾರೆ ಹಿಡಿದು ತೋಡಿದ. ಸಾಕ್ಷಿ, ಪಾರ್ಟಿ, ಬಾವಿಯ ಹಗ್ಗ ಯಾವುದರ ಮಾತೂ ಅವರ ನಡುವೆ ಬರಲಿಲ್ಲವಂತೆ.

ನಾನು ರಜೆಗೆ ಹೋಗಿ ಕಂಡ ಬಂಡಮಿಟ್ಟ ಬಾವಿಯಲ್ಲಿ ನೀರು ಬಂದ ಮೇಲಿನದು. ಅರವತ್ತರ ದಶಕದ ಕೊನೆ. ಅಷ್ಟರಲ್ಲಿ ಮನೆಗಳು ಹನ್ನೊಂದಾಗಿದ್ದವು. ಅತ್ತೆ ಹಿಪ್ಪುನೇರಳೆ ಹಾಕಿದ್ದಳು. ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು ಮನೆಯೊಳಗೆ ಸಣ್ಣ ಮಳೆಯಂತೆ ಕೇಳುತ್ತಿತ್ತು. ಗೂಡು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೋಗಿ ಬಂದ ದಿನ ನಮಗೆ ಕಡ್ಲೆಪುರಿ. ಸಾಯಂಕಾಲ ಜಗಲಿಯಲ್ಲಿ ಪದ ಶುರುವಾದರೆ ಕನ್ನಡ, ತೆಲುಗು ಎರಡೂ ಕಲಸಿಹೋಗುತ್ತಿದ್ದವು. ಅತ್ತೆಗೆ ರಾಗ ಬರುತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು.

ರಜೆ ಮುಗಿದಾಗ ಬಸ್ಸಿನ ರಸ್ತೆಯವರೆಗೂ ಬರುತ್ತಿದ್ದಳು. ಸೀಟಿನಲ್ಲಿ ಕೂರಿಸಿ, ಕಿಟಕಿ ಹಿಡಿದುಕೊಂಡು, ನಮ್ಮಪ್ಪನಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದರೂ ಕೈ ಬಿಡಳು. ಬಸ್ಸು ಹೊರಟ ಮೇಲೂ ಜೊತೆಗೆ ನಾಲ್ಕು ಹೆಜ್ಜೆ ಓಡಿಬಂದು ಇನ್ನೂ ಏನೋ ಕೂಗುತ್ತಿದ್ದಳು. ಬಸ್ಸಿನ ಗದ್ದಲದಲ್ಲಿ ಅದೇನೆಂದು ಒಂದು ಸಲವೂ ನನಗೆ ಕೇಳಿಸಲಿಲ್ಲ. "ಆಯ್ತತ್ತೆ, ಹೇಳ್ತೀನಿ," ಎಂದು ನಾನೂ ಕೂಗುತ್ತಿದ್ದೆ.