ಹೊಗಿ ಹೋತು, ಮೊಮ್ಮಗಳು ನಮ್ಮಲ್ಲೇ ಉಳಿದಳು

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಕುಷ್ಟಗಿಯ ನಮ್ಮ ಮನಿಯಲ್ಲಿ ಮಗಳು ರೇಣುಕಾಳ ಬಾಣಂತನ. ಮೊದಲನೇ ಮೊಮ್ಮಗಳು! ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆದರೆ ಕೂಸಿಗೆ ಕೆಮ್ಮು ಹತ್ತಿತು. ಡಾಕ್ಟರು ನೋಡಿ, "ಔಷಧ ಕೊಡ್ತೀನಮ್ಮಾ, ಆದ್ರ ಮೊದಲ ಆ ಪ್ಲಾಸ್ಟಿಕ್ ಸುಟ್ಟ ಹೊಗಿ ತಪ್ಪಿಸ್ರಿ" ಅಂದರು. ನಮ್ಮ ಓಣಿಯಲ್ಲಿ ನಸುಕಿಗೆ ಎಲ್ಲರ ಬಚ್ಚಲ ಒಲಿಯೂ ಹಾಲಿನ ಕವರಿನಿಂದಲೇ ಹೊತ್ತಬೇಕು. ತಟ್ಟನೆ ಉರಿ ಹಿಡಿತೈತಿ ನೋಡ್ರಿ. ನಮ್ಮ ಒಲಿಗೆ ಹಾಕುವುದನ್ನು ಬಿಟ್ಟೆ. ಓಣಿ ಹೊಗಿ ಬಿಡಬೇಕಲ್ಲ!

ಯಲಬುರ್ಗಾದಿಂದ ಬಂದ ಬೀಗತಿ ಕೂಸಿನ ಕೆಮ್ಮು ಕೇಳಿ, "ಬರೋ ಐತವಾರ ಗಾಡಿ ತರ್ತೀವ್ರಿ. ತಾಯಿ-ಕೂಸು ನಮ್ಮಲ್ಲೇ ಇರ್ಲಿ" ಅಂದುಬಿಟ್ಟರು. ಅವರದೇನು ತಪ್ಪು? ನಾನು ಅಡಿಗಿಮನಿಗೆ ಹೋಗಿ ಅತ್ತೆ.

ಓಣಿ ತುದಿಗೆ ಬುದ್ಧವಿಹಾರ ಐತಿ. ಅಲ್ಲಿಯ ಸುಮಿತ್ರಕ್ಕ ಮತ್ತು ಜೊತೆಯವರು ವಂದನೆ ಮುಗಿಸಿ, ಬಿಳಿ ಸೀರಿಯಲ್ಲೇ ಊರಿನ ಪ್ಲಾಸ್ಟಿಕ್ ಆರಿಸಿ, ತೊಳೆದು, ಒಣಗಿಸಿ, ಮತ್ತೆ ಬಕೆಟ್ಟು-ಪೈಪು ಮಾಡುವವರಿಗೆ ಕಳಿಸುತ್ತಾರೆ. ಆಕೆಗೆ ನನ್ನ ಸಂಕಟ ಹೇಳಿದೆ. "ಒಲಿಗೆ ಬ್ಯಾರೆ ಏನರ ಕೊಟ್ರ ಕವರು ಬಿಡ್ತಾರ ತಗೋ ಯವ್ವಾ" ಅಂದಳು.

ಮರುದಿನ ನಸುಕಿಗೆ ನೋಡಿದರೆ, ಸುಮಿತ್ರಕ್ಕ ಮತ್ತು ಜೊತೆಯವರು ಕಾಳು ಬಿಡಿಸಿದ ಮೆಕ್ಕಿಜೋಳದ ಒಣ ತೆನಿ ಚೀಲಗಟ್ಟಲೆ ಹೊತ್ತು ಮನಿಮನಿಗೆ ನಿಂತಿದ್ದಾರೆ! ಹೊಲದವರನ್ನು ಕೇಳಿ ತಂದಿದ್ದರಂತೆ. "ಕವರು ಕೊಡ್ರಿ, ತೆನಿ ತಗೋರಿ. ಓಣ್ಯಾಗ ಎಳೀ ಕೂಸು ಐತಿ."

ಎದುರುಮನಿ ಖಾಸೀಂಬಿ ನಕ್ಕಳು: "ಏನ್ ಸುಮಿತ್ರಕ್ಕಾ, ಕಣ್ಣು ಮುಚ್ಚಿ ಧ್ಯಾನಾ ಮಾಡೂದು ಬಿಟ್ಟು ಕಸಾ ಕೇಳಾಕ ಬಂದೀಯಲ್ಲ!"

"ಧ್ಯಾನಕ್ಕೂ ಉಸುರು ಬೇಕಲ್ಲಬೇ! ನಿನ್ನ ಒಲಿ ಹೊಗ್ಯಾಗ ಕಣ್ಣು ತಾವ ಮುಚ್ಚತಾವ!"

ಖಾಸೀಂಬಿ ನಗುತ್ತಲೇ ಒಂದು ಗಂಟು ಕವರು ತಂದಳು. ಆಮೇಲೆ ಓಣಿಯೆಲ್ಲ ಕೊಟ್ಟಿತು. ವಾರ ತುಂಬುವಷ್ಟರಲ್ಲಿ ಆ ಘಾಟು ನಾತ ಹೋಯಿತು. ಕೂಸು ಕೆಮ್ಮದೆ ಮಲಗತೊಡಗಿತು.

ಐತವಾರ ಗಾಡಿ ಬಂತು. ಬೀಗತಿ ಕೂಸಿನ ಎದಿಗೆ ಕಿವಿ ಹಚ್ಚಿ ಕುಂತರು. ಆಮೇಲೆ ತಲೆ ಎತ್ತಿ, "ಬೀಗತ್ಯಾರ, ಗಾಡಿ ಖಾಲಿನೇ ಹೋಗ್ಲಿ ಬಿಡ್ರಿ. ಮೊದಲ ಚಾ ಇಡ್ರಿ" ಅಂದರು. ಖುಷಿಗೆ ನಾನು ಚಹಾಕ್ಕೆ ಸಕ್ಕರಿ ಎರಡು ಸಲ ಹಾಕಿದೆ!

ಮೊಮ್ಮಗಳು ನಮ್ಮ ಮನಿಯಲ್ಲೇ ಮಗ್ಗಲು ಹೊರಳಿದಳು, ನನ್ನ ಮಾರಿ ನೋಡೇ ಮೊದಲ ಸಲ ನಕ್ಕಳು. ಆ ನಗು ನನ್ನ ಪಾಲಿಗೆ ಉಳಿಸಿಕೊಟ್ಟವರು ಆ ವಿಹಾರದ ಹೆಣ್ಣುಮಕ್ಕಳು. ಕಂಡಲ್ಲೆಲ್ಲ ಕೈ ಮುಗಿದರೆ ಸುಮಿತ್ರಕ್ಕ ಗದರಿಸುತ್ತಾಳೆ: "ಕೈ ಮುಗೀಬ್ಯಾಡ ಯವ್ವಾ, ಚೀಲಾ ಹಿಡಿ!"

ಈಗ ನಾನೂ ಹಿಡೀತೀನ್ರಿ.