ತಕ್ಕಡಿಯ ಅಂಗೈ

ನನ್ನ ಮೈದುನ ಸುಮ್ಮನೆ ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಊಟಕ್ಕೆ ಕುಳಿತರೂ ಅವನ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತದೆ. ಲೋಟದ ನೀರು ನಡುಗುವುದನ್ನು ನೋಡಿ ನನ್ನ ಓರಗಿತ್ತಿ, "ಇವರಿಗೆ ಚಾರ್ಜ್ ಮುಗಿಯೋದೇ ಇಲ್ಲ ಅಕ್ಕ, ಹುಟ್ಟುವಾಗಲೇ ಎರಡು ಬ್ಯಾಟರಿ ಜಾಸ್ತಿ ಹಾಕಿ ಕಳಿಸಿದಾರೆ," ಎನ್ನುತ್ತಾಳೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವಳಿಗೆ ಈ ಮಾತು ಹಳತಾಗಿಲ್ಲ.

ಪೇಟೆಯಲ್ಲಿ ಅವನ ಹೆಸರು ತಕ್ಕಡಿ. ಹನ್ನೊಂದು ವರ್ಷ ಅವನು ಅಂಗಡಿಗಳ ತೂಕದ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದ. ಹಿತ್ತಾಳೆಯ ತೂಕದ ಬಟ್ಟುಗಳನ್ನು ಎತ್ತಿ ಇಳಿಸಿ ಅವನ ಬಲ ಅಂಗೈಗೆ ಒಂದು ವಿದ್ಯೆ ಬಂದುಬಿಟ್ಟಿತ್ತು. ಕೈಯಲ್ಲಿಟ್ಟ ವಸ್ತುವಿನ ತೂಕವನ್ನು ಐದಾರು ಗ್ರಾಂ ಆಚೀಚೆ ಹೇಳಿಬಿಡುತ್ತಿದ್ದ. ಓರಗಿತ್ತಿ ಸೋಪು ಕೊಟ್ಟರೆ, "ನಿನ್ನೆಯಿಂದ ಹನ್ನೆರಡು ಗ್ರಾಂ ಕರಗಿದೆ, ಯಾರು ಬಟ್ಟೆಗೆ ಹಾಕಿದ್ದು?" ಎಂದು ಕೇಳುವವನು.

ಆಮೇಲೆ ಆ ಕೆಲಸ ಬಿಟ್ಟು, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಬ್ಯಾಟರಿ ಅಂಗಡಿ ಇಟ್ಟ. ಒಬ್ಬ ಕುಳಿತರೆ ಇನ್ನೊಬ್ಬ ನಿಲ್ಲಲು ಜಾಗವಿಲ್ಲದ ಅಂಗಡಿ. ಯಾರಾದರೂ ಮೆಟ್ಟಿಲು ಹತ್ತಿದರೆ ಅವನ ತಲೆಯ ಮೇಲೆ ಹೆಜ್ಜೆ ಸದ್ದು. ಟಾರ್ಚಿನ ಸೆಲ್ಲು, ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲು, ಪವರ್ ಬ್ಯಾಂಕು, ಅಷ್ಟೇ ಅವನ ಸರಕು. ಕೊಳ್ಳುವವರಿಗಿಂತ ಅವನೇ ಹೆಚ್ಚು ಮಾತಾಡುತ್ತಿದ್ದ.

"ಮುಂದೆ ದೊಡ್ಡಕ್ಷರದಲ್ಲಿ ಬರೆದಿರೋದು ಹೊಗಳಿಕೆ. ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋದು ಜಾತಕ. ಹುಡುಗೀನ ಕೊಡೋರು ಯಾವುದು ನೋಡ್ತಾರೆ, ಹೇಳಿ," ಎನ್ನುವನು. ಇಪ್ಪತ್ತು ಸಾವಿರ ಎಂಎಎಚ್ ಶಕ್ತಿ ಎಂದು ಬರೆದು ಹತ್ತಿಯಂತೆ ಹಗುರವಾಗಿದ್ದರೆ ಪಕ್ಕಕ್ಕೆ ಎಸೆಯುವನು. ಚಾರ್ಜ್ ಹಾಕಿದಾಗ ಕೈ ಸುಡುವಷ್ಟು ಬಿಸಿಯಾಗುವುದನ್ನು ಮನೆಯೊಳಗೆ ಇಡಲೇಬೇಡಿ ಎನ್ನುವನು. ಉಬ್ಬಿದ ಬ್ಯಾಟರಿಯನ್ನು ಇನ್ನೂ ಬಳಸುತ್ತಿದ್ದ ಒಬ್ಬ ದರ್ಜಿಗೆ, "ಹೊಟ್ಟೆ ಉಬ್ಬಿದರೆ ಬಸುರಿಗೆ ಚೆಂದ ಕಣಣ್ಣ, ಇದಕ್ಕಲ್ಲ. ಇದು ಹೆತ್ತರೆ ಬೆಂಕೀನೇ ಹೆರೋದು," ಎಂದು ಕಿತ್ತುಕೊಂಡು ಮರಳಿನ ಡಬ್ಬಿಯಲ್ಲಿ ಹಾಕಿದ್ದ.

ಅವನದೊಂದು ನೇಮವಿತ್ತು. ಹೊಸ ಸರಕು ಬಂದರೆ ಅದರಲ್ಲಿ ಒಂದನ್ನು ಒಡೆದು ಒಳಗೆ ನೋಡುವುದು, ಇನ್ನೊಂದಕ್ಕೆ ಪುಟ್ಟ ಫ್ಯಾನು ಸಿಕ್ಕಿಸಿ ಎಷ್ಟು ಗಂಟೆ ತಿರುಗುತ್ತದೆಂದು ಕಾಯುವುದು. ಆಮೇಲೆ ಮಾರಾಟ. ಹೋಲಿಸಿ ನೋಡಲು ಗೀರುಬಿದ್ದ ಹಳೆಯ ಪವರ್ ಬ್ಯಾಂಕೊಂದನ್ನು ಇಟ್ಟುಕೊಂಡಿದ್ದ. ಅದನ್ನು 'ಮೇಷ್ಟ್ರು' ಎಂದು ಕರೆಯುತ್ತಿದ್ದ. ಮೇಷ್ಟ್ರ ಬೆನ್ನಿಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಪ್ರತಿ ತಿಂಗಳ ದಿನಾಂಕ, ಫ್ಯಾನು ತಿರುಗಿದ ಗಂಟೆ, ಎಲ್ಲ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇದ್ದವು. ಮೂರು ವರ್ಷದಲ್ಲಿ ಮೇಷ್ಟ್ರು ಅರ್ಧ ಗಂಟೆ ಮಾತ್ರ ದಣಿದಿದ್ದರು.

ಆ ನೇಮ ಅವನು ಒಂದೇ ಒಂದು ಸಲ ಮುರಿದ.

ಆವತ್ತು ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಆರು ಹೊಸ ಪವರ್ ಬ್ಯಾಂಕುಗಳು ಆಗಷ್ಟೇ ಬಂದಿದ್ದವು. ಒಬ್ಬ ಹೆಂಗಸು ಓಡೋಡಿ ಬಂದಳು. ಬೆರಳುಗಳ ತುದಿಯಲ್ಲಿ ಒಣಗಿದ ಅಂಟು, ಪುಸ್ತಕ ಕಟ್ಟುವವಳಂತೆ. ಅಪ್ಪನನ್ನು ಬೇರೆ ಊರಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಆರು ಗಂಟೆಯ ದಾರಿ. ಅವರ ಉಸಿರಾಟದ ಪುಟ್ಟ ಯಂತ್ರಕ್ಕೆ ಒಳಗಿನ ಬ್ಯಾಟರಿ ಎರಡು ಗಂಟೆ ಬರುತ್ತದೆ, ಮಿಕ್ಕದ್ದಕ್ಕೆ ಏನಾದರೂ ಬೇಕು.

ಅವಳು ತಂದಿದ್ದ ಯಂತ್ರದ ವೈರಿನ ತುದಿಯನ್ನು ಅವನು ನೋಡಿದ, ಅದರ ಮೇಲಿನ ಅಂಕಿಗಳನ್ನು ಓದಿದ, ಗೀಚಿ ಲೆಕ್ಕ ಹಾಕಿದ. ಆರರಲ್ಲಿ ಒಂದನ್ನೆತ್ತಿ ಅಂಗೈಯಲ್ಲಿಟ್ಟ. "ಮುನ್ನೂರ ಎಂಬತ್ತು. ಸರಿ ಇದೆ." ತಕ್ಕಡಿಯಲ್ಲಿಟ್ಟ. ಮುನ್ನೂರ ಎಂಬತ್ತೊಂದು. ಅವನ ಮುಖ ಅರಳಿತು. "ಐದು ಗಂಟೆ ಬರತ್ತಮ್ಮ, ನಿಶ್ಚಿಂತೆಯಿಂದ ಹೋಗಿ."

ಅವನು ಆ ವೈರಿಗೆ ಹೊಂದುವ ತುದಿ ಹುಡುಕುತ್ತಿದ್ದಷ್ಟು ಹೊತ್ತು ಅವಳು ನನ್ನ ಜೊತೆ ಮಾತಾಡುತ್ತಲೇ ಇದ್ದಳು. ಹೆದರಿದವರಿಗೆ ಮಾತು ಬೇಕು, ಉತ್ತರ ಬೇಕಿಲ್ಲ. ನಾನು ಕೇಳಿಸಿಕೊಂಡೆ. ಅವಳು ಹೋದಳು.

ಎರಡೂಮುಕ್ಕಾಲರ ಹೊತ್ತಿಗೆ, ನಾನು ಡಬ್ಬಿ ವಾಪಸು ಒಯ್ಯಲು ಬಂದಾಗ, ಅವನು ನೇಮದಂತೆ ಒಂದನ್ನು ಒಡೆದಿದ್ದ. ಮೇಜಿನ ಮೇಲೆ ಎಂಟು ಉರುಟು ಸೆಲ್ಲುಗಳು. ಮೂರು ನಿಜವಾದವು. ಐದರ ತುದಿ ಕತ್ತರಿಸಿ ಬಗ್ಗಿಸಿದ್ದ. ಅವುಗಳಿಂದ ಮರಳು ಸುರಿದಿತ್ತು, ಜರಡಿ ಹಿಡಿದ ನುಣ್ಣನೆಯ ಮರಳು.

"ತೂಕ ಸರಿ ಇತ್ತು ಅತ್ತಿಗೆ," ಎಂದ. ಎದ್ದು ನಿಂತ, ತಲೆ ಮೆಟ್ಟಿಲಿಗೆ ತಾಕಿತು, ಕುಳಿತ, ಮತ್ತೆ ಎದ್ದ. "ಎರಡು ಗಂಟೇನೂ ಬರಲ್ಲ. ದಾರಿ ನಡುವೆ ನಿಂತುಹೋಗುತ್ತೆ. ಫೋನ್ ನಂಬರೂ ಬರ್ಕೊಳ್ಳಲಿಲ್ಲ ನಾನು. ಬಸ್ ನಿಲ್ದಾಣಕ್ಕೆ ಹೋಗ್ತೀನಿ. ನಾಲ್ಕು ಗಂಟೆಯ ಎಕ್ಸ್‌ಪ್ರೆಸ್ಸೇ ಇರಬೇಕು."

"ಅದಲ್ಲ," ಎಂದೆ. "ಮೂರೂಕಾಲರದು. ಅದರ ಮೆಟ್ಟಿಲು ತಗ್ಗಂತೆ, ಅವರಪ್ಪನಿಗೆ ಹತ್ತಕ್ಕಾಗುತ್ತೆ. ಹಿಂದಿನ ಗೇಟಿನಿಂದ ಹೊರಡುತ್ತೆ ಅಂದಳು."

ಅವನು ನನ್ನನ್ನೇ ನೋಡಿದ. "ಇದನ್ನ ಯಾವಾಗ ಹೇಳಿದಳು? ನಾನೂ ಇಲ್ಲೇ ಇದ್ದೆನಲ್ಲ."

"ನೀನು ವೈರಿನ ಮಾತು ಕೇಳ್ತಿದ್ದೆ."

ಕೊಡಲು ಒಳ್ಳೆಯದು ಯಾವುದಿದೆ? ಹಳೆಯ ಸರಕು ಖಾಲಿ, ಹೊಸದು ಮರಳು. ಅವನು ಗೂಡಿನಿಂದ ಮೇಷ್ಟ್ರನ್ನು ಎತ್ತಿಕೊಂಡ. ಬೆಳಿಗ್ಗೆಯೇ ಪೂರ್ತಿ ಚಾರ್ಜ್ ಮಾಡಿಟ್ಟದ್ದು. ಹೊರಗೆ ಬಂದು ಸ್ಕೂಟರಿನ ಬಟನ್ ಒತ್ತಿದ. ಕಿಟಕ್ ಎಂದಿತು, ಅಷ್ಟೇ. ಊರಿಗೆಲ್ಲ ಬ್ಯಾಟರಿ ಕೊಡುವವನ ಸ್ಕೂಟರಿನ ಬ್ಯಾಟರಿ ಸತ್ತು ನಾಲ್ಕು ದಿನವಾಗಿತ್ತು. ಪಕ್ಕದ ಬೀಗ ರಿಪೇರಿಯವನು, "ತಕ್ಕಡಿ, ಅದನ್ನೂ ಸ್ವಲ್ಪ ತೂಗಿ ನೋಡಬಾರದಾ?" ಎಂದು ನಕ್ಕ. ಇವನು ಬೈಯಲೂ ನಿಲ್ಲಲಿಲ್ಲ.

ನಾವಿಬ್ಬರೂ ಹತ್ತಿದ ಆಟೋ ಅರ್ಧ ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಿತು. ಅವನು ಇಳಿದುಬಿಟ್ಟ. ನಾನೂ ಇಳಿದೆ. ಐವತ್ತೆರಡನೇ ವಯಸ್ಸಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೇಟೆ ಬೀದಿಯಲ್ಲಿ ಓಡಿದೆ. ಆ ಮುದುಕರ ಉಸಿರನ್ನು ಇನ್ನು ಸ್ವಲ್ಪ ಹೊತ್ತು ನೀನೇ ಹಿಡಿದುಕೊಂಡಿರು ಎಂದು ದೇವರನ್ನು ಕೇಳಿಕೊಂಡೆ. ಕಾಲು ಓಡುತ್ತಿರುವಾಗಲೂ ಕೇಳಿಕೊಳ್ಳಬಹುದು, ಅದಕ್ಕೆ ಬೇರೆ ಜಾಗ ಬೇಕಿಲ್ಲ.

ಹಿಂದಿನ ಗೇಟಿನಲ್ಲಿ ಬಸ್ಸು ಗುರುಗುಡುತ್ತಿತ್ತು. ಎಡಗಡೆಯ ಕಿಟಕಿಯ ಪಕ್ಕ ಮುದುಕರು, ಮೂಗಿನ ಮೇಲೆ ಮಾಸ್ಕು, ತೊಡೆಯ ಮೇಲೆ ಯಂತ್ರ. ಮಗಳು ಪವರ್ ಬ್ಯಾಂಕನ್ನೂ ವೈರನ್ನೂ ಕೈಗೆ ಸಿಗುವಂತೆ ತೆಗೆದಿಡುತ್ತಿದ್ದಳು.

"ಅದನ್ನ ಕೊಡಿ," ಎಂದ ಮೈದುನ, ಏದುಸಿರು ಬಿಡುತ್ತ. "ಇದನ್ನ ತಗೊಳ್ಳಿ."

ಅವಳು ಗೀರುಬಿದ್ದ ಮೇಷ್ಟ್ರನ್ನು ನೋಡಿದಳು. "ಆಗ ಹೊಸದು ಕೊಟ್ಟಿರಿ. ಈಗ ಅದನ್ನ ಕಿತ್ಕೊಂಡು ಹಳೇದು ಕೊಡ್ತೀರಾ? ನನ್ನ ನೋಡಿದರೆ ಹೇಗೆ ಕಾಣ್ತೀನಿ?"

ಅವಳ ಮಾತಿನಲ್ಲಿ ತಪ್ಪೇನಿತ್ತು? ಅವನು ಜೇಬಿನಿಂದ ಒಡೆದ ಸೆಲ್ಲೊಂದನ್ನು ತೆಗೆದು ತನ್ನ ಅಂಗೈಯಲ್ಲಿ ತಟ್ಟಿದ. ಮರಳು ಬಿತ್ತು. "ನಿಮಗೆ ಕೊಟ್ಟದ್ದರ ಜೊತೆ ಬಂದದ್ದು ಇದು. ನಾನೇ ತೂಗಿ ಕೊಟ್ಟೆ. ನನ್ನ ಕೈಗೆ ಗೊತ್ತಾಗಲಿಲ್ಲ." ಮರಳು ಬೆರಳ ಸಂದಿಯಿಂದ ಇಳಿಯುತ್ತಿತ್ತು.

"ಇಳಿಯೋರು ಇಳೀರಪ್ಪ," ಎಂದ ಕಂಡಕ್ಟರ್.

ಮಗಳು ಇನ್ನೂ ಅನುಮಾನದಿಂದ ಎರಡನ್ನೂ ಹಿಡಿದಿದ್ದಳು. ಮುದುಕರು ಮಾಸ್ಕನ್ನು ಸ್ವಲ್ಪ ಸರಿಸಿದರು. "ಮೋಸ ಮಾಡೋನು ಬಸ್ಸಿನ ಹಿಂದೆ ಓಡಿ ಬರಲ್ಲ ಮಗಳೆ," ಎಂದರು, ಮೂರು ಉಸಿರಿನಲ್ಲಿ. "ಆ ಕಡೆ ಓಡ್ತಾನೆ. ಹಳೇದನ್ನೇ ಇಟ್ಕೊ, ಅದನ್ನ ವಾಪಸು ಕೊಡು."

ಬಸ್ಸು ಹೋದ ಮೇಲೆ ಅವನು ಅಂಗಡಿಗೆ ಹೋಗಲಿಲ್ಲ, ಮನೆಗೂ ಬರಲಿಲ್ಲ. ಈಗ ಒಂದು ಗಂಟೆಯಾಯಿತು, ಈಗ ಒಳಗಿನ ಬ್ಯಾಟರಿ ಮುಗಿದಿರುತ್ತದೆ, ಈಗ ಮೇಷ್ಟ್ರ ಪಾಳಿ ಶುರುವಾಗಿರುತ್ತದೆ ಎಂದು ಗೇಟಿನ ಮುಂದೆ ಅತ್ತಿಂದಿತ್ತ ತಿರುಗಿದ. ಕತ್ತಲಾಗುವ ಮೊದಲು ಓರಗಿತ್ತಿ ಬಂದು ತೋಳು ಹಿಡಿದು ಕರೆದೊಯ್ದಳು. ಆ ಸಲ ಅವಳು ಚಾರ್ಜಿನ ತಮಾಷೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮುದುಕರ ಮಗಳ ಫೋನು ಬಂತು. ಈ ಸಲ ನಂಬರು ಕೊಟ್ಟು ಬಂದಿದ್ದೆವು. ಇವನು "ಹಾಂ, ಹಾಂ," ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಆಮೇಲೆ ಬಸ್ಸಿನಿಂದ ವಾಪಸು ಪಡೆದದ್ದೂ ಸೇರಿ ಉಳಿದ ಐದರ ಮೇಲೂ ದಪ್ಪ ಪೆನ್ನಿನಲ್ಲಿ 'ಮರಳು' ಎಂದು ಬರೆದು, ಒಡೆದದ್ದನ್ನು ಅಂಗಡಿಯ ಮುಂದೆ ದಾರಕ್ಕೆ ನೇತುಹಾಕಿದ. ಗಿರಾಕಿಗಳು "ತೂಗಿ ಹೇಳಿ" ಎಂದರೆ, "ನನ್ನ ಕೈ ಈಗ ಸಾಕ್ಷಿ ಹೇಳಲ್ಲ. ನಾಳೆ ಬನ್ನಿ, ಫ್ಯಾನು ಹೇಳುತ್ತೆ," ಎನ್ನತೊಡಗಿದ. ಕಾಯಲಾಗದ ಕೆಲವರು ಬೇರೆ ಅಂಗಡಿಗೆ ಹೋದರು. ಹೋಗಲಿ ಎಂದ. ಆದರೆ ಅವರು ಹೋದ ದಿಕ್ಕನ್ನೇ ನೋಡುತ್ತ ಮೊಣಕಾಲು ಕುಣಿಸುತ್ತಿದ್ದ.

ಹನ್ನೆರಡನೇ ದಿನ ಆ ಹೆಂಗಸು ತಾನೇ ಬಂದು ಮೇಷ್ಟ್ರನ್ನು ಒಪ್ಪಿಸಿದಳು. ಪಟ್ಟಿಯಲ್ಲಿ ಜಾಗ ಮುಗಿದಿದ್ದರಿಂದ ಪುಸ್ತಕಕ್ಕೆ ಹಾಕುವ ಅಂಟಿನಿಂದ ಇನ್ನೊಂದು ಚೂರು ಕಾಗದವನ್ನು ನೀಟಾಗಿ ಜೋಡಿಸಿದ್ದಳು. ಅದರ ಮೇಲೆ ದಿನಾಂಕ, ಕೆಳಗೆ: 'ನಾಲ್ಕು ಗಂಟೆ ಹತ್ತು ನಿಮಿಷ. ಒಂದು ದೀಪ ಇನ್ನೂ ಉಳಿದಿತ್ತು. ಅಪ್ಪ ಅರ್ಧ ದಾರಿ ನಿದ್ದೆ ಮಾಡಿದರು.'

ಅವನು ಅದನ್ನು ಎರಡು ಸಲ ಓದಿದ. ಅಭ್ಯಾಸಬಲದಿಂದ ಮೇಷ್ಟ್ರನ್ನು ಬಲ ಅಂಗೈಯಲ್ಲಿಟ್ಟು ಸ್ವಲ್ಪ ಮೇಲೆ ಕೆಳಗೆ ಆಡಿಸಿದ. ನಾನು ನೋಡುತ್ತಿದ್ದುದು ಕಂಡು ಕೈ ಕೆಳಗಿಳಿಸಿ, ಚಾರ್ಜಿಗೆ ಹಾಕಿ, ಫ್ಯಾನನ್ನು ಹುಡುಕತೊಡಗಿದ.