ಮುಂಬೈ ನೋಡಲಿಕ್ಕೆ ಬಂದ ಧಾರವಾಡದಾಕಿ

ಹೋದ ವಾರ ಇಲ್ಲೇ ಪವಾಯಿಯ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಪಾರ್ಸಿ ಮುದುಕಿ ಪರ್ಸಿನಿಂದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಕೊಲೋನಿನ ವಾಸನೆ ಬಂತು. ಈಗಿನವರು ಯಾರು ಹಚ್ಚುತ್ತಾರೆ ಅದನ್ನು... ಆ ವಾಸನೆ ಬಡಿದದ್ದೇ ತಡ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಐವತ್ತು ವರ್ಷಗಳ ಹಿಂದೆ ಒಂದು ಲಾಂಚಿನ ಕಟಕಟೆಗೆ ಬಗ್ಗಿ ನಾನು ವಾಂತಿ ಮಾಡಿಕೊಳ್ಳುತ್ತಿದ್ದಾಗ ಒಬ್ಬಾಕೆ ನನ್ನ ಹಣೆ ಒತ್ತಿ ಹಿಡಿದು, ಇಂಥದೇ ಕರವಸ್ತ್ರವನ್ನು ಮೂಗಿಗೆ ಹಿಡಿದಿದ್ದಳು. ಆ ಕೈಯನ್ನು ನಾನು ಕೊಡವಿ ಹಾಕಿದ್ದೆ.

ಆಕೆ ನನ್ನ ಯಜಮಾನರ ಸೋದರತ್ತೆಯ ಮಗಳು. ಎದುರಿಗೆ ‘ಅಕ್ಕಾ’ ಅನ್ನುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಆಕೆ ‘ಧಾರವಾಡದಾಕಿ’. ಆಕೆಗೂ ಇವರಿಗೂ ಚಿಕ್ಕಂದಿನಿಂದಲೇ ಲಗ್ನ ಮಾತಾಗಿತ್ತಂತೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಯವರೇ ಹೇಳಿದ್ದರು, ‘ಬಿ.ಎ. ಓದೂ ಹುಚ್ಚು ಹತ್ತಿ ಆಕೀನ ಒಲ್ಲೆ ಅಂದಳವಾ, ಇಲ್ಲಾಂದ್ರ ಆಕೀನ ಈ ಮನಿಗೆ ಬರಬೇಕಾಗಿತ್ತು.’ ಹೀಗೆ ಹೇಳಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ್ದರು. ನಾನು ಗದಗಿನ ಕಡೆಯವಳು, ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗೋರೆಗಾಂವಿನ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಮೂಲೆಯಲ್ಲಿ ಸ್ನಾನಕ್ಕೂ ಪಾತ್ರೆ ತೊಳೆಯಲಿಕ್ಕೂ ಒಂದೇ ಮೋರಿ, ಹೊರಗೆ ಉದ್ದಕ್ಕೂ ಗ್ಯಾಲರಿ. ಇವರು ಫೋರ್ಟಿನಲ್ಲಿ ಒಂದು ಆಫೀಸಿನ ಕಾರಕೂನರು. ಮುಂಬೈಗೆ ಬಂದು ನನಗೆ ನಾಲ್ಕು ವರ್ಷವಾಗಿತ್ತು. ನೋಡಿದ್ದೆಂದರೆ ದಾದರಿನ ಸಂತೆ, ಒಂದು ಸಲ ಮಹಾಲಕ್ಷ್ಮಿ ಗುಡಿ. ಸಮುದ್ರ ನೋಡಬೇಕು ಅಂದಾಗಲೆಲ್ಲ, ‘ಮುಂದಿನ ಐತಾರ ಹೋಗೂಣಂತ’ ಅನ್ನುತ್ತಿದ್ದರು. ಆ ಐತಾರ ಬರಲೇ ಇಲ್ಲ. ಅವರದೂ ತಪ್ಪಲ್ಲವೇನೋ... ವಾರದಲ್ಲಿ ಆರು ದಿನ ಲೋಕಲ್ಲಿನಲ್ಲಿ ಜೋತು ಬಿದ್ದು ಹೋಗಿಬಂದ ಮನುಷ್ಯ ಏಳನೆಯ ದಿನ ಮಲಗಿಬಿಡುತ್ತಿದ್ದರು.

ಅಂಥವರು ದೀಪಾವಳಿ ಸೂಟಿಯಲ್ಲಿ ಆಕೆ ಮುಂಬೈ ನೋಡಲಿಕ್ಕೆ ಬರುತ್ತಾಳೆಂದು ಪತ್ರ ಬಂದ ದಿನ ಎರಡು ದಿನ ರಜೆ ಹಾಕಿ ಬಂದರು. ಹಿಂದಿನ ವರ್ಷ ಮೂರು ತಿಂಗಳಿಗೆ ನನ್ನ ಗರ್ಭ ಇಳಿದಾಗ ಅರ್ಧ ದಿನದ ರಜೆಯನ್ನು ಸಂಕೋಚಪಟ್ಟುಕೊಂಡು ಹಾಕಿದ್ದರು. ಹೊಸ ಚಾದರ ತಂದರು, ಗೋಡೆಯ ಕ್ಯಾಲೆಂಡರ್ ಸರಿಮಾಡಿದರು, ಮೋರಿಯನ್ನು ತಾವೇ ಕೂತು ತಿಕ್ಕಿದರು. ನಾನು ರೊಟ್ಟಿ ಬಡಿಯುತ್ತಾ ನೋಡುತ್ತಿದ್ದೆ.

ಆಕೆ ಬಂದಳು. ಎತ್ತರದ ಹೆಂಗಸು, ಒಂದೇ ಜಡೆ, ಬಿಳಿ ಮೇಲೆ ನೀಲಿ ಅಂಚಿನ ಇಳಕಲ್ ಸೀರೆ, ಕೈಗೆ ಗಡಿಯಾರ. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಲಗ್ನವಾಗಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಇವರಿಗೆ, ‘ಎಷ್ಟು ಸೊರಗೀಯೋ! ಆರಾಮ ಇದ್ದೀ ಇಲ್ಲೋ?’ ಅಂದಳು. ಲಗ್ನವಾಗಿ ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಅವರಿಗೆ ‘ನೀ’ ಅಂದವಳಲ್ಲ. ಆಕೆ ಬಂದ ಗಳಿಗೆಯಲ್ಲೇ ಅಂದುಬಿಟ್ಟಳು. ಇವರು ನಕ್ಕರು. ಆ ನಗು ನಮ್ಮ ಖೋಲಿಯಲ್ಲಿ ನಾನು ಅಲ್ಲಿತನಕ ಕೇಳಿರಲಿಲ್ಲ.

ಮರುದಿನ ಮುಂಜಾನೆ ಫೋರ್ಟು, ಮ್ಯೂಸಿಯಂ, ಗೇಟ್‌ವೇ ನೋಡುವುದೆಂದು ಆಯಿತು. ‘ನೀನೂ ಬಾ’ ಅಂದರು ಇವರು, ಬುಷ್‌ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ. ನಾನು, ‘ನಳ ಹನ್ನೊಂದಕ್ಕ ಬರ್ತದ, ನೀರು ಯಾರು ಹಿಡೀಬೇಕು?’ ಅಂದೆ. ಇನ್ನೊಂದು ಸಲ ಕರೆಯಲಿ ಎಂದು ಅಂದದ್ದು ಅದು. ‘ಹಂಗಾರ ಇರಲಿ ಬಿಡು’ ಅಂದರು. ಅವರಿಬ್ಬರೂ ಜಿನೆಯ ಮೆಟ್ಟಿಲು ಇಳಿದು ಹೋದರು. ಗ್ಯಾಲರಿಯಿಂದ ನೋಡಿದೆ. ಸ್ಟೇಶನ್ನಿನ ತಿರುವಿನವರೆಗೂ ಇವರು ಕೈಮಾಡಿ ಏನೇನೋ ತೋರಿಸುತ್ತಾ ನಡೆಯುತ್ತಿದ್ದರು. ನನ್ನ ಜೊತೆ ನಡೆದರೆ ಯಾವಾಗಲೂ ನಾಲ್ಕು ಹೆಜ್ಜೆ ಮುಂದೆ.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಒಬ್ಬ ಹೆಂಗಸು ಇದ್ದರು, ಗಂಡ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂರುವವರು. ಅವರು ಕೊಡ ಇಟ್ಟು, ‘ಎಂತ, ನೀವು ಹೋಗ್ಲಿಲ್ವಾ? ಅವರಿಬ್ಬರೇ ಹೋದದ್ದಾ?’ ಅಂದರು. ಕೇಳಿದ್ದು ಸಹಜವಾಗಿಯೇ. ಆದರೆ ಇಡೀ ದಿನ ಅದೇ ಮಾತು ತಲೆಯಲ್ಲಿ ಸುತ್ತಿತು. ಈಗ ಮ್ಯೂಸಿಯಂ ನೋಡುತ್ತಿರಬೇಕು. ಈಗ ಉಣ್ಣುತ್ತಿರಬೇಕು. ಈಗ ಕಡಲಿನ ಎದುರು ಕೂತಿರಬೇಕು... ಅನ್ನ ಸೀದಿತು. ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ.

ಸಂಜೆ ಬಂದರು. ಇವರ ಬಾಯಿ ನಿಲ್ಲಲಿಲ್ಲ. ದಿನಾ ಆಫೀಸಿಗೆ ಹೋಗುವಾಗ ಹಾಯುವ ಗಡಿಯಾರದ ಗೋಪುರದ ಕಥೆ ಆಕೆ ಹೇಳಿದ ಮೇಲೆಯೇ ತಮಗೆ ತಿಳಿದದ್ದಂತೆ. ಹಿಂದೆ ಫೋರ್ಟಿನ ಸುತ್ತ ಖರೇನೇ ಕೋಟೆ ಇತ್ತಂತೆ, ಅದಕ್ಕೇ ಆ ಹೆಸರಂತೆ. ಮಧ್ಯಾಹ್ನ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರಂತೆ. ಆಕೆ ನನಗೆಂದು ಫುಟ್‌ಪಾತಿನಲ್ಲಿ ಕೊಂಡ ಹಸಿರು ಮಣಿಸರ ತಂದಿದ್ದಳು. ‘ನಿನ್ನ ಬಣ್ಣಕ್ಕ ಒಪ್ಪತದ, ಹಾಕ್ಕೋ’ ಅಂದಳು. ಕಾಗದ ಬಿಚ್ಚದೆ ಹಲಗೆಯ ಮೇಲೆ ಇಟ್ಟೆ. ಆಕೆ ಅದನ್ನು ನೋಡಿದಳು.

ಮರುದಿನ ಎಲಿಫಂಟಾ. ನಾನು ಮತ್ತೆ ನೀರಿನ ಮಾತು ತೆಗೆದೆ. ಆಕೆ ಚಾಪೆಯ ಮೇಲೆ ಕೂತುಬಿಟ್ಟಳು. ‘ನೀ ಬರದಿದ್ದರ ನಾನೂ ಹೋಗೂದಿಲ್ಲ ತಂಗಿ. ನೀರು ಹಿಡೀಲಿಕ್ಕೆ ಬಾಜೂಕಿನವರಿಗೆ ನಾ ಹೇಳಿ ಬಂದೇನಿ.’ ಹೇಳಿಯೇ ಬಂದಿದ್ದಳು. ಹೀಗೆ ನಾನು ಮೊದಲ ಸಲ ಚರ್ಚ್‌ಗೇಟಿನವರೆಗೆ ಹೋದೆ, ಮೊದಲ ಸಲ ಗೇಟ್‌ವೇ ನೋಡಿದೆ. ಕಡಲು ನೋಡಿ ಖುಷಿಯಾಗಬೇಕಾಗಿತ್ತು. ನಿನ್ನೆ ಇವರಿಬ್ಬರೂ ಇಲ್ಲಿ ಯಾವ ಕಟ್ಟೆಯ ಮೇಲೆ ಕೂತಿದ್ದರು ಎಂದು ಹುಡುಕುತ್ತಿದ್ದೆ.

ಲಾಂಚು ಹೊರಟ ಸ್ವಲ್ಪ ಹೊತ್ತಿಗೇ ನನಗೆ ತಲೆ ತಿರುಗಿತು. ಬೆಳಿಗ್ಗೆ ತಿಂದದ್ದೆಲ್ಲ ಹೊರಗೆ ಬಂತು. ಇವರು ಸುತ್ತಲಿನ ಜನರನ್ನು ನೋಡುತ್ತಾ ಕೆಂಪಗಾದರು. ಆಕೆಯೇ ಎದ್ದು ಬಂದು ನನ್ನ ಹಣೆ ಹಿಡಿದಳು, ಸೀರೆಯ ನೆರಿಗೆ ಒದ್ದೆಯಾಗದಂತೆ ಸರಿಸಿದಳು, ಆ ಕೊಲೋನಿನ ಕರವಸ್ತ್ರ ಮೂಗಿಗೆ ಹಿಡಿದಳು. ಯಾರ ಎದುರು ನೆಟ್ಟಗೆ ನಿಲ್ಲಬೇಕೆಂದು ಹಟ ಹಿಡಿದಿದ್ದೆನೋ ಅವಳ ತೋಳಿನಲ್ಲೇ ನೇತುಬಿದ್ದಿದ್ದೆ. ಕೈ ಕೊಡವಿದೆ. ಕರವಸ್ತ್ರ ಕಡಲಿಗೆ ಬಿತ್ತು.

ಮೆಟ್ಟಿಲು ಹತ್ತಿ ಗುಹೆಯೊಳಗೆ ಹೋದೆವು. ಒಳಗೆ ತಂಪು, ಕತ್ತಲೆ. ಮೂರು ಮುಖದ ದೇವರ ಎದುರು ಇವರು ಆಕೆಯನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಆಮೇಲೆ ನನಗೆ ನೀರು ತರುತ್ತೇನೆಂದು ಕೆಳಗಿನ ಅಂಗಡಿಗೆ ಹೋದರು. ಉಳಿದದ್ದು ನಾವಿಬ್ಬರೇ. ಆಕೆ ಬದಿಯ ಗೋಡೆಯ ಹತ್ತಿರ ಕರೆದಳು.

‘ಇಲ್ಲಿ ನೋಡು. ಶಿವ ಪಾರ್ವತಿ ಪಗಡಿ ಆಡಲಿಕ್ಕೆ ಕೂತಾರ. ಆಕಿ ಸಿಟ್ಟಾಗಿ ಮಾರಿ ತಿರುವ್ಯಾಳ.’

ನನಗೇ ಅಂದಳು ಅನ್ನಿಸಿತು. ಎರಡು ದಿನದಿಂದ ತಡೆದದ್ದು ಬಾಯಿಗೆ ಬಂತು. ‘ನಿಮಗ ಎಲ್ಲಾ ತಿಳೀತದ ಅಕ್ಕಾ. ಇವರೂ ನಿಮ್ಮ ಮಾತು ಅಂದ್ರ ಕಿವಿಗೊಟ್ಟು ಕೇಳ್ತಾರ. ಮತ್ತ ಇವರನ್ನ ಯಾಕ ಒಲ್ಲೆ ಅಂದ್ರಿ?’

ಆಕೆ ಗಕ್ಕನೆ ನನ್ನ ಕಡೆ ತಿರುಗಿದಳು. ‘ನಾ ಒಲ್ಲೆ ಅಂದೆ ಅಂತ ಯಾರು ಹೇಳಿದರು?’

‘ಅತ್ತಿಯವರು.’

‘ನಾ ಅನ್ನಲಿಲ್ಲವಾ. ನಿನ್ನ ಗಂಡ ಅಂದ. ನಮ್ಮಪ್ಪಗ ಪತ್ರ ಬರದಿದ್ದ. ಬಿ.ಎ. ಓದಿದಾಕಿ ಮುಂಬೈದಾಗ ಒಂದ ಖೋಲಿಯೊಳಗ ಸಂಸಾರ ಮಾಡೂದಿಲ್ಲ, ನನಗ ಸಾಧಾರಣ ಓದಿದ ಹುಡುಗಿ ಸಾಕು ಅಂತ.’ ಸೆರಗು ಸರಿಮಾಡಿಕೊಂಡಳು. ‘ನನ್ನ ಯಾರೂ ಕೇಳಲಿಲ್ಲ. ಕೇಳಿದ್ದರ ಬರತಿದ್ದೆ.’

‘ಹಂಗಾರ ಈಗ ಯಾಕ ಬಂದ್ರಿ?’

‘ಊರು ನೋಡಲಿಕ್ಕೆ ಹೊಂಟೇನಿ ಅಂತ ಎಲ್ಲಾರಿಗೂ ಹೇಳೇನಿ. ಖರೇ ಅಂದ್ರ ಆ ಖೋಲಿ ನೋಡಲಿಕ್ಕೆ ಬಂದೆ. ನೋಡಿದೆ. ಚೊಲೋ ಇಟ್ಟೀ.’

ಅಷ್ಟರಲ್ಲಿ ಇವರು ನೀರು ತಂದರು. ಆಕೆ ಮತ್ತೆ ಕಂಬಗಳನ್ನು ತೋರಿಸುತ್ತಾ ಮುಂದೆ ನಡೆದಳು.

‘ಸಾಧಾರಣ ಓದಿದ ಹುಡುಗಿ’ ಅಂದರೆ ನಾನು. ಯಾರಾದರೂ ಆಗುತ್ತಿತ್ತು, ಸಿಕ್ಕವಳು ನಾನು. ಸಿಟ್ಟು ಬರಬೇಕಾದದ್ದು ಆ ಪತ್ರ ಬರೆದವರ ಮೇಲೆ. ಬಂದದ್ದು ಆಕೆಯ ಮೇಲೆ. ಆಕೆ ಅದನ್ನು ನನಗೆ ಹೇಳಿದಳಲ್ಲ ಎಂದು, ಹೇಳುವಾಗ ಅವಳ ದನಿ ನಡುಗಲಿಲ್ಲವಲ್ಲ ಎಂದು, ಬೇಡವೆಂದ ಮನುಷ್ಯನ ಎದುರೇ ಹೀಗೆ ನಗುತ್ತಾ ಮಾತಾಡಬಲ್ಲಳಲ್ಲ ಎಂದು... ಆ ಧೈರ್ಯದ ಮೇಲೂ ನನಗೆ ಹೊಟ್ಟೆಕಿಚ್ಚು.

ಮೂರನೆಯ ದಿನ ದಾದರಿನಲ್ಲಿ ಗಾಡಿ ಹತ್ತಿಸಿದೆವು. ಆಕೆ ಕಿಟಕಿಯಿಂದ ನನ್ನ ಕೈ ಹಿಡಿದು, ‘ಮ್ಯೂಸಿಯಂ ನೀ ನೋಡಲೇ ಇಲ್ಲ. ಮುಂದಿನ ಸಲ ಬಂದಾಗ ನಾನೇ ತೋರಸ್ತೀನಿ’ ಅಂದಳು. ನಾನು ತಲೆಯಾಡಿಸಿದೆ.

ಆಕೆ ಮಾತು ಮರೆಯಲಿಲ್ಲ. ಮರುವರ್ಷ ನನ್ನ ಹೆಸರಿಗೇ ಇನ್‌ಲ್ಯಾಂಡ್ ಪತ್ರ ಬಂತು. ಸಾಲೆಯ ಹುಡುಗಿಯರನ್ನು ಕರೆದುಕೊಂಡು ಮುಂಬೈಗೆ ಬರುತ್ತಿದ್ದಾಳೆ, ಇಳಿಯುವುದು ಧರ್ಮಶಾಲೆಯಲ್ಲಿ, ನಮಗೆ ತೊಂದರೆ ಕೊಡುವುದಿಲ್ಲ. ಒಂದು ಮಧ್ಯಾಹ್ನ ಗೋರೆಗಾಂವಿಗೆ ಬಂದು ನನ್ನನ್ನು ಕರೆದೊಯ್ದು ಮ್ಯೂಸಿಯಂ ತೋರಿಸುತ್ತಾಳೆ. ‘ತಯಾರಾಗಿರು’ ಎಂದು ಕೊನೆಗೆ ಬರೆದಿದ್ದಳು.

ಇವರು ಆಫೀಸಿಗೆ ಹೋಗಿದ್ದರು. ನಾನು ಅಂದೇ ಉತ್ತರ ಬರೆದೆ. ಏಳನೆಯ ಇಯತ್ತೆಯ ಅಕ್ಷರದಲ್ಲಿ, ನಿಧಾನವಾಗಿ, ಚಂದ ಮಾಡಿ. ಚಾಳಿನಲ್ಲಿ ನೀರಿನ ತಾಪತ್ರಯ, ನನಗೂ ಮೈಯಲ್ಲಿ ಆರಾಮಿಲ್ಲ ಎಂದು ಬರೆದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇನ್ನೊಂದು ಸಾಲು ಸೇರಿಸಿದೆ: ‘ನೀವು ಮನೆಗೆ ಬಂದು ಹೋಗುವುದು ಇವರಿಗೂ ಸರಿ ಅನಿಸುವುದಿಲ್ಲ.’ ಇವರಿಗೆ ಆ ಪತ್ರದ ಸುದ್ದಿಯೇ ಗೊತ್ತಿರಲಿಲ್ಲ. ನಾನೇ ಅಂಚೆ ಡಬ್ಬಿಗೆ ಹಾಕಿ ಬಂದೆ. ಬರುವಾಗ ಕೊತ್ತಂಬರಿ ಕೊಂಡೆ.

ಆಕೆಯಿಂದ ಮತ್ತೆ ಪತ್ರ ಬರಲಿಲ್ಲ.

ಎಷ್ಟೋ ತಿಂಗಳ ಮೇಲೆ ಊರಿನಿಂದ ಬಂದವರು ಯಾರೋ, ಆಕೆ ಹುಡುಗಿಯರನ್ನು ಕರೆದುಕೊಂಡು ಮುಂಬೈಗೆ ಬಂದು ಹೋದದ್ದನ್ನು ಇವರಿಗೆ ಹೇಳಿದರು. ಇವರು ಮನೆಗೆ ಬಂದು ಅಂಗಿ ಕೂಡ ಕಳಚದೆ ಕೂತರು. ‘ಇಲ್ಲೀತನಾ ಬಂದು ನಮ್ಮ ಮನಿಗೆ ಬರಲಿಲ್ಲ ನೋಡು. ನಾವೇನು ಮಾಡಿದ್ವಿ ಆಕಿಗೆ?’

‘ನನಗೇನು ಗೊತ್ತುರೀ’ ಅಂದೆ, ಹಿಟ್ಟು ನಾದುತ್ತಾ.

ಅವರು ಆ ಮಾತನ್ನು ಆಮೇಲೂ ಎರಡು ಮೂರು ಸಲ ಕೇಳಿದ್ದುಂಟು. ಪ್ರತಿ ಸಲ ಅದೇ ಉತ್ತರ ಕೊಟ್ಟೆ. ಆ ದಶಕ ಮುಗಿಯುವ ಹೊತ್ತಿಗೆ ಆಕೆ ಕಾಮಾಲೆಯಾಗಿ ತೀರಿಕೊಂಡಳೆಂದು ಕಾಗದ ಬಂತು. ಇವರು ಓದಿ, ಮಡಚಿ, ನನ್ನ ಕೈಗೆ ಕೊಟ್ಟರು. ನಾನು ಕಾಗದ ಓದುವ ಮೊದಲು ಅವರ ಮುಖ ನೋಡಿದೆ, ಅಳುತ್ತಾರೋ ಏನೋ ಎಂದು. ಅಳಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಎಂದಿನ ಲೋಕಲ್ಲಿಗೆ ಹೋದರು. ಅಂದು ಅತ್ತವಳು ನಾನು. ‘ನೀ ಬರದಿದ್ದರ ನಾನೂ ಹೋಗೂದಿಲ್ಲ’ ಎಂದು ನನಗೆ ಹೇಳಿದವರು ಈ ಊರಿನಲ್ಲಿ ಆಕೆಯೊಬ್ಬಳೇ ಅನ್ನುವುದು ಅಂದು ಮೋರಿಯಲ್ಲಿ ಕೂತಾಗ ಹೊಳೆಯಿತು. ಅತ್ತು, ಮುಖ ತೊಳೆದು, ಅಡುಗೆ ಮಾಡಿದೆ.

ಈಗ ಇವರೂ ಇಲ್ಲ. ಹೋಗಿ ಒಂಬತ್ತು ವರ್ಷ. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಹತ್ತಿರವೇ ಕೂತಿರುತ್ತಿದ್ದೆ, ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ನೀರು ಬೇಕೇನು ಎಂದು ಕೇಳಿ ಮುಚ್ಚಿದೆ...

ಹೋದ ವಾರ ಬ್ಯಾಂಕಿನಿಂದ ಬಂದ ಮೇಲೆ ಮೊಮ್ಮಗಳಿಗೆ ಹೇಳಿ ಧಾರವಾಡದಲ್ಲಿರುವ ಆಕೆಯ ತಮ್ಮನ ಮಗನಿಗೆ ಫೋನು ಹಚ್ಚಿಸಿದೆ. ಅವನು ಒಂದು ಹಳೆಯ ಫೋಟೋ ಕಳಿಸಿದ. ಸಾಲೆಯ ಮೆಟ್ಟಿಲ ಮೇಲೆ ಮಾಸ್ತರಿಣಿಯರೆಲ್ಲ ನಿಂತದ್ದು. ಮೊಮ್ಮಗಳು ಬೆರಳಿನಿಂದ ಆಕೆಯ ಮುಖ ದೊಡ್ಡದು ಮಾಡಿ ಹಿಡಿದಳು.

‘ಕೌನ್ ಹೈ ಅಜ್ಜಿ? ನಮ್ಮ ಮನೆಗೆ... ಬಂದಿದ್ರಾ?’

‘ಒಮ್ಮೆ ಬಂದಿದ್ದಳು. ಎರಡನೆಯ ಸಲ ಬರತೀನಿ ಅಂದಳು. ನಾನ ಬ್ಯಾಡ ಅಂತ ಬರದೆ. ನಿಮ್ಮಜ್ಜನ ಹೆಸರು ಹಾಕಿ ಬರದೆ.’

‘ಕ್ಯೂಂ?’

‘ಹೊಟ್ಟೆಕಿಚ್ಚು.’

ಆ ಮಾತು ಅವಳಿಗೆ ತಿಳಿಯಲಿಲ್ಲ. ಹಿಂದಿಯಲ್ಲಿ ‘ಜಲನ್’ ಅಂದೆ. ಅವಳು ನಗುತ್ತಾಳೇನೋ ಅಂದುಕೊಂಡೆ. ನಗಲಿಲ್ಲ. ಫೋಟೋವನ್ನು ಇನ್ನಷ್ಟು ಹತ್ತಿರ ಹಿಡಿದು ನೋಡಿ, ‘ಬಹಳ ಚಂದ ಇದ್ದಾರೆ’ ಅಂದಳು.

‘ಹೌದು,’ ಅಂದೆ, ‘ಚಂದ ಇದ್ದಳು.’ ಅಷ್ಟು ಹೇಳಲಿಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಕೇಳಬೇಕಾದವರು ಇಬ್ಬರೂ ಇರಲಿಲ್ಲ.